ಉಣಿಸಬಾರದ ಕಾಡು

ನನಗೆ ಹತ್ತು ತುಂಬಿದ ವರ್ಷ ನನ್ನ ರೂಮು ಕೈಬಿಟ್ಟು ಹೋಯಿತು. ಇಂಗ್ಲಿಷರ ದೇಶದ ಕೆಂಟನ್ನಿನಲ್ಲಿದ್ದ ನಮ್ಮ ಮನೆಯ ಮಹಡಿಯಲ್ಲಿ ಇದ್ದದ್ದು ಮೂರೇ ರೂಮು. ರಸ್ತೆಯ ಕಡೆಯದು ಅಪ್ಪ ಅಮ್ಮನದು, ಹಿತ್ತಲ ಕಡೆಯದು ನನ್ನದು, ಮೆಟ್ಟಿಲು ಹತ್ತಿದ ಕೂಡಲೇ ಸಿಗುವ ಬಾಕ್ಸ್ ರೂಮು ಯಾರದ್ದೂ ಅಲ್ಲ. ಅದರೊಳಗೆ ಊರಿಗೆ ಹೋಗುವಾಗಿನ ಸೂಟ್‌ಕೇಸುಗಳು, ಸೇಲಿನಲ್ಲಿ ತಂದ ಸೋನಾಮಸೂರಿ ಚೀಲ, ಅಪ್ಪ ಎರಡು ದಿನ ತುಳಿದು ಬಿಟ್ಟ ವ್ಯಾಯಾಮದ ಸೈಕಲ್ಲು ಎಲ್ಲ ಒಂದರ ಮೇಲೊಂದು ಕೂತಿದ್ದವು. ಧಾರವಾಡದ ಕಡೆಯ ಹುಡುಗಿಯೊಬ್ಬಳು ಪಿಎಚ್‌ಡಿ ಮಾಡಲು ಬಂದಿದ್ದಾಳೆ, ನಮ್ಮಲ್ಲೇ ಬಾಡಿಗೆಗೆ ಇರುತ್ತಾಳೆ ಎಂದು ಅಮ್ಮ ಹೇಳಿದಾಗ ಅವಳ ಜಾಗ ಬಾಕ್ಸ್ ರೂಮೇ ಇರಬೇಕೆಂದು ನಾನು ಸುಮ್ಮನಿದ್ದೆ. ಒಂದು ಶನಿವಾರ ಬೆಳಿಗ್ಗೆ ಅಪ್ಪ ಸ್ಕ್ರೂಡ್ರೈವರ್ ಹಿಡಿದು ನನ್ನ ಮಂಚದ ಕಾಲು ಬಿಚ್ಚತೊಡಗಿದಾಗ ವಿಷಯ ತಿಳಿಯಿತು.

“ನೀ ಸಣ್ಣೋಳ್ ಮಗಾ, ಸಣ್ಣ ರೂಮ್ ಸಾಕ್ ನಿಂಗೆ,” ಎಂದರು ಅಪ್ಪ. “ಅದ್ ಓದು ಹೆಣ್ಣ್. ಮೇಜ್ ಇಡೂಕೆ ಜಾಗ ಬೇಕಲೆ.”

ನಾನು ಹುಟ್ಟಾ ಹೊಟ್ಟೆಕಿಚ್ಚಿನವಳು. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಹಗುರ. ಒಬ್ಬಳೇ ಮಗಳಾದ್ದರಿಂದ ಆ ಹೊಟ್ಟೆಕಿಚ್ಚಿಗೆ ಮನೆಯೊಳಗೆ ಕೆಲಸ ಸಿಕ್ಕಿರಲಿಲ್ಲ. ಪಕ್ಕದ ಮನೆಯ ಗುಜರಾತಿ ಹುಡುಗಿಯ ಉದ್ದ ಜಡೆ, ಕ್ಲಾಸಿನ ಇನ್ನೊಬ್ಬಳ ಹೊಸ ಐಪ್ಯಾಡು, ಇಂಥ ಚಿಲ್ಲರೆಯಲ್ಲಿ ಅದು ಹೇಗೋ ಹೊಟ್ಟೆ ಹೊರೆದುಕೊಂಡಿತ್ತು. ಅಪ್ಪ ಕಿಂಗ್ಸ್‌ಬರಿಯ ಒಂದು ಉಡುಪಿ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಮನೆಗೆ ಬಂದು, ಚಹಾ ಕುಡಿದು ಸ್ವಲ್ಪ ಹೊತ್ತು ಕಾಲು ಚಾಚಿ, ಸಂಜೆ ಮತ್ತೆ ಹೋಗುವುದು ಅವರ ಕ್ರಮ. ಹಗಲೆಲ್ಲ ಊರಿಗೇ ಬಡಿಸಿ ಬಂದರೂ ಮನೆಯಲ್ಲಿ ಯಾರಾದರೂ ತಟ್ಟೆಯ ಮುಂದೆ ಕೈಕಟ್ಟಿ ಕೂತರೆ ಅವರಿಗೆ ತಡೆಯುತ್ತಿರಲಿಲ್ಲ. ಗ್ಯಾಸ್ ಮೀಟರ್ ಓದಲು ಬಂದವನಿಗೂ ಉಪ್ಪಿಟ್ಟು ತಿನ್ನಿಸಿಯೇ ಕಳಿಸುತ್ತಿದ್ದರು. ಅಮ್ಮನಿಗೆ ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಸಂಜೆ ಬಂದವಳೇ ಶೂ ಕಳಚಿ, ಮೆಟ್ಟಿಲ ಮೇಲೆ ಕೂತು ಪಾದ ಒತ್ತಿಕೊಳ್ಳುತ್ತಿದ್ದಳು. ಅವಳು ಕುಂದಾಪ್ರ ಕನ್ನಡದಲ್ಲಿ ಕೇಳುತ್ತಿದ್ದಳು, ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ, ಇಬ್ಬರಿಗೂ ಅದರಲ್ಲಿ ಏನೂ ಕೊರತೆ ಕಂಡಿರಲಿಲ್ಲ. ನನಗೆ ಗೊತ್ತಿದ್ದ ಅಮ್ಮ ಎಂದರೆ ದಣಿದವಳು, ಹೆಚ್ಚು ಮಾತಿಲ್ಲದವಳು ಮತ್ತು ಪೂರ್ತಿಯಾಗಿ ನನ್ನವಳು.

ಬಂದ ಹುಡುಗಿಯ ಹೆಸರು ಗಿರಿಜಾ. ನಾನು ಗಿರಿಜಕ್ಕ ಎನ್ನಬೇಕೆಂದು ಆಜ್ಞೆಯಾಯಿತು. ಉದ್ದಕ್ಕೆ, ತೆಳ್ಳಗೆ ಇದ್ದಳು. ಮಾತು ಜೋರು, ನಗು ಅದಕ್ಕಿಂತ ಜೋರು. ಎರಡನೆಯ ದಿನವೇ ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಡಬ್ಬಿಯೊಳಗೆ ನೆಲ್ಲಿಕಾಯಿ ಗಾತ್ರದ, ಕಲ್ಲಿನ ಹಾಗೆ ಗಟ್ಟಿಯಾದ ಕಂದು ಕಾಯಿಗಳಿದ್ದವು. ಕ್ಯಾಲಿಫೋರ್ನಿಯಾದ ಸಮುದ್ರದಂಡೆಯ ಒಂದು ಸಣ್ಣ ಕಾಡಿನ ಸೈಪ್ರಸ್ ಮರದ ಕಾಯಿಗಳು ಅವು, ಅಂಥ ಕಾಡು ಆ ದಂಡೆ ಬಿಟ್ಟರೆ ಬೇರೆಲ್ಲೂ ಇಲ್ಲ ಎಂದಳು.

“ಅಕ್ಕಾರ, ನಿಮ್ಮ ಓವನ್ ಚೂರು ಬೇಕಿತ್ರಿ. ಈ ಕಾಯಿ ಬಿಸಿ ತಾಗದ ಬಾಯಿ ಬಿಡಂಗಿಲ್ಲ. ಕಾಡಿಗೆ ಬೆಂಕಿ ಬಿದ್ದಾಗಷ್ಟ ಬೀಜಾ ಉದುರಸ್ತಾವು.”

“ಓವನ್ನಿಗ್ ಹಾಕ್ರೆ ಒಳ್ಗೆ ಎಂತ ಆತ್ತ್ ಅಂತ ಹೆಂಗ್ ಗೊತ್ತಾತ್ತ್? ಕಾವ್ಲಿ ಮೇಲ್ ಹಾಕುವ, ಬಾ.”

ಅಮ್ಮ ದೋಸೆಯ ಕಾವಲಿಯನ್ನು ಸಣ್ಣ ಉರಿಯ ಮೇಲಿಟ್ಟು, ಎಣ್ಣೆಪಸೆಯನ್ನು ಬಟ್ಟೆಯಿಂದ ಒರೆಸಿ ತೆಗೆದು, ಕಾಯಿಗಳನ್ನು ಸುತ್ತ ಜೋಡಿಸಿದಳು. ಬೆರಳ ತುದಿಯಲ್ಲಿ ಒಂದೊಂದನ್ನೇ ಹೊರಳಿಸುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಧೂಪ ಹಾಕಿದಂಥ ವಾಸನೆ ಬಂತು. ಆಮೇಲೆ ಒಂದು ಕಾಯಿ ಟಿಕ್ ಎಂದಿತು, ಇನ್ನೊಂದು ಎಂದಿತು, ಅವುಗಳ ಮೈಮೇಲಿನ ಬಿರುಕುಗಳು ಒಂದೊಂದಾಗಿ ಅಗಲವಾದವು. ಅಮ್ಮ ಅವನ್ನು ಹಳೆಯ ಪೇಪರಿನ ಮೇಲೆ ತಟ್ಟಿದಳು. ಎಳ್ಳಿಗಿಂತ ತುಸು ದೊಡ್ಡ ಕಪ್ಪು ಬೀಜಗಳು ಉದುರಿದವು. ಗಿರಿಜಕ್ಕ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ನಾನು ಗಿರಿಜಕ್ಕನನ್ನು ನೋಡುತ್ತಿದ್ದೆ.

“ನಿಮಗ ಇದೆಲ್ಲಾ ಹೆಂಗ ಗೊತ್ತ್ರೀ ಅಕ್ಕಾರ?”

“ನಂದ್ ಬಿಎಸ್ಸಿ ಬಾಟನಿ ಅಲ್ದಾ. ಕಡೆ ವರ್ಷದ ಪರೀಕ್ಷಿ ಬರೆಯೂಕ್ ಮುಂಚೆ ಮದುವಿ ಆಯ್ತ್. ಈ ನಮೂನಿ ಮರದ್ ಪಾಠ, ಜಿಮ್ನೋಸ್ಪರ್ಮ್ ಅಂದ್ರೆ ಭಾರಿ ಇಷ್ಟ ಇತ್ತ್ ನಂಗೆ. ಪುಸ್ತಕದಂಗೆ ಕಂಡದ್ದೇ, ಕೈಯಂಗೆ ಹಿಡ್ದದ್ದ್ ಇವತ್ತೇ.”

ಅಮ್ಮ ಕಾಲೇಜು ಓದಿದವಳು ಎಂದು ನನಗೆ ಗೊತ್ತಿರಲಿಲ್ಲ. ಜಿಮ್ನೋಸ್ಪರ್ಮ್ ಎಂಬ ಪದ ಅವಳ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಕೇಳಿ, ಯಾರೋ ನನ್ನ ಅಮ್ಮನ ಸೀರೆ ಉಟ್ಟುಕೊಂಡು ಒಲೆಯ ಮುಂದೆ ನಿಂತಿದ್ದಾರೆ ಎನ್ನಿಸಿತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಹತ್ತು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ನನಗೆ ಗೊತ್ತಿಲ್ಲದ್ದನ್ನು ನಿನ್ನೆ ಬಂದವಳು ಒಂದು ಪ್ರಶ್ನೆಯಲ್ಲಿ ತೆಗೆದಿದ್ದಳು. ನಾನು ಆ ಪ್ರಶ್ನೆಯನ್ನು ಕೇಳೇ ಇರಲಿಲ್ಲ ಎಂಬುದು ಅವತ್ತು ಹೊಳೆಯಲಿಲ್ಲ. ರೂಮು ಹೋದದ್ದಕ್ಕಿಂತ ಹತ್ತು ಪಾಲು ಉರಿಯಿತು.

ಆ ಕಾಡು ಹೇಗಿದೆ ಎಂದು ಗಿರಿಜಕ್ಕ ಅಮ್ಮನಿಗೆ ಹೇಳಿದ್ದು ಅಡುಗೆಮನೆಯ ಕಟ್ಟೆಯ ಮೇಲೆ, ಅಕ್ಕಿಹಿಟ್ಟನ್ನು ಮೆಟ್ಟಿಲ ಹಾಗೆ ಪೇರಿಸಿ. ಸಮುದ್ರದ ದಂಡೆಯಿಂದ ನೆಲ ಒಂದೊಂದೇ ಮೆಟ್ಟಿಲಾಗಿ ಎತ್ತರಕ್ಕೆ ಹೋಗುತ್ತದಂತೆ. ಕೆಳಗಿನ ಮೆಟ್ಟಿಲುಗಳಲ್ಲಿ ಆಕಾಶಕ್ಕೆ ತಾಗುವ ಮರಗಳು. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಹಳೆಯ ಮೆಟ್ಟಿಲುಗಳಲ್ಲಿ ಮಾತ್ರ ಮಣ್ಣಿನ ಸತ್ವವನ್ನೆಲ್ಲ ಮಳೆ ತೊಳೆದು, ಬೂದಿಬಣ್ಣದ ಮರಳಷ್ಟೇ ಉಳಿದಿದೆ. ಅದರಡಿಗೆ ಸಿಮೆಂಟಿನಂಥ ಗಟ್ಟಿ ಪದರ, ಬೇರು ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಅಲ್ಲಿ ನೂರು ವರ್ಷದ ಸೈಪ್ರಸ್ ಕೂಡ ನನ್ನ ಎದೆಮಟ್ಟಕ್ಕೆ ನಿಂತಿರುತ್ತದೆ. ಅದರ ಸುತ್ತ ಹಕಲ್‌ಬೆರಿ, ರೋಡೋಡೆಂಡ್ರಾನ್, ಎಲೆ ಉಜ್ಜಿದರೆ ಘಮ್ಮೆನ್ನುವ ಲ್ಯಾಬ್ರಡಾರ್ ಟೀ ಎಂಬ ಪೊದೆ, ನೆಲದ ಮೇಲೆ ಬೆಳ್ಳಗಿನ ಕಲ್ಲುಹೂವು. ಮರದಡಿಯ ಗಿಡಗಳು ಮರದಷ್ಟೇ ಎತ್ತರ, ಕೆಲವು ಮರಕ್ಕಿಂತ ಎತ್ತರ. ಆ ಬಡ ಮಣ್ಣಿನಲ್ಲಿ ಮರ ಬದುಕಿರುವುದು ಈ ಗಿಡಗಳ ಬೇರಿನ ಸಹವಾಸದಿಂದಲೋ, ಅಥವಾ ಈ ಗಿಡಗಳ ಕಾಟದ ನಡುವೆಯೋ, ಇದು ಗಿರಿಜಕ್ಕನ ಪ್ರಶ್ನೆ. ಅದಕ್ಕೆ ಸಸಿಗಳನ್ನು ಒಂಟಿಯಾಗಿ ಕೆಲವು ಕುಂಡದಲ್ಲಿ, ಗಿಡಗಳ ಜೊತೆಗೆ ಕೆಲವು ಕುಂಡದಲ್ಲಿ ಬೆಳೆಸಬೇಕು. ಮಳೆನೀರು ಬಿಟ್ಟು ಬೇರೇನನ್ನೂ ಹಾಕಬಾರದು, ಹಸಿದೇ ಇರಬೇಕು.

“ಅಲ್ಲಿಂದ ಕಡ್ಲ್ ಕಾಂತಿತ್ತಾ?” ಎಂದು ಕೇಳಿದಳು ಅಮ್ಮ.

“ಕಾಣಂಗಿಲ್ಲ. ಸಪ್ಪಳ ಕೇಳತೈತಿ, ಮಂಜು ಬರತೈತಿ.”

“ನಮ್ಮನೆಯಂಗೂ ಹಾಂಗೇ. ಕಾಂತಿರ್ಲಿಲ್ಲ, ಕೇಂತಿತ್ತ್.”

ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮನ ತವರುಮನೆಗೆ ಕಡಲಿನ ಸದ್ದು ಕೇಳುತ್ತದೆ ಎಂಬುದೂ ನನಗೆ ಹೊಸ ಸುದ್ದಿಯೇ. ನಾನು ಹೋದದ್ದು ಎರಡು ಸಲ, ಎರಡು ಸಲವೂ ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದೆ.

ಬೀಜಗಳನ್ನು ಒದ್ದೆ ಮರಳಿನಲ್ಲಿ ಬೆರೆಸಿ ಚಳಿಗಾಲ ಪೂರ್ತಿ ಫ್ರಿಜ್ಜಿನಲ್ಲಿಡಬೇಕೆಂದಾಯಿತು. ಮೊಸರಿನ ಪಾತ್ರೆಯ ಪಕ್ಕದ ಜಾಗ, ನನ್ನ ಚಾಕೊಲೇಟ್ ಪುಡಿಂಗಿನ ಜಾಗ, ಅವಕ್ಕೆ ಹೋಯಿತು. ವಸಂತದಲ್ಲಿ ಅಡುಗೆಮನೆಗೆ ತಾಗಿಕೊಂಡ ಗಾಜಿನ ಚಪ್ಪರದಲ್ಲಿ, ಮನೆ ಮಾರಿದವರು ಕನ್ಸರ್ವೇಟರಿ ಎಂದು ದೊಡ್ಡ ಹೆಸರಿಟ್ಟಿದ್ದ ಜಾಗದಲ್ಲಿ, ಸಾಲುಸಾಲು ಕುಂಡಗಳು ಕೂತವು. ನಾನು ಕಾಲಲ್ಲಿ ತಳ್ಳಿ ಆಡುವ ಸ್ಕೂಟರು, ಅಪ್ಪನ ಹಳೆಯ ಗ್ರೈಂಡರು ಶೆಡ್ಡಿಗೆ ಹೋದವು. ಅಪ್ಪ ಮಧ್ಯಾಹ್ನ ಕೂತು ಚಹಾ ಕುಡಿಯುವ ಕುರ್ಚಿಯೊಂದನ್ನು ಮಾತ್ರ ಉಳಿಸಿದರು. ಕಾಲೇಜಿನ ಗಾಜಿನಮನೆಯಲ್ಲಿ ಇಟ್ಟಿದ್ದ ಇನ್ನೊಂದು ತಂಡದ ಸಸಿಗಳು ಬೂಷ್ಟು ಹಿಡಿದು ಸತ್ತ ಮೇಲಂತೂ ಗಿರಿಜಕ್ಕನ ಪಿಎಚ್‌ಡಿ ಎಲ್ಲ ನಮ್ಮ ಕೆಂಟನ್ನಿನ ಚಪ್ಪರದ ಮೇಲೆ ನಿಂತಿತು. ಅಮ್ಮ ಹಿತ್ತಲಿನಲ್ಲಿ ಮಳೆನೀರಿಗೆ ಪೀಪಾಯಿ ಇಟ್ಟಳು. ಗೋದಾಮಿನಿಂದ ಬಂದವಳು ಈಗ ಮೆಟ್ಟಿಲ ಮೇಲೆ ಕೂರುತ್ತಿರಲಿಲ್ಲ. ಶೂ ಕಳಚಿ ನೇರ ಚಪ್ಪರಕ್ಕೆ. ಅಲ್ಲಿ ಇಬ್ಬರೂ ಮೊಣಕಾಲೂರಿ ಕೂತು, ಒಬ್ಬಳು ಅಳತೆ ಹೇಳುತ್ತ, ಒಬ್ಬಳು ಬರೆದುಕೊಳ್ಳುತ್ತ, ನಡುನಡುವೆ ಏನೋ ಹೇಳಿ ನಗುತ್ತ. ಒಬ್ಬಳದು ಕುಂದಾಪ್ರ, ಒಬ್ಬಳದು ಧಾರವಾಡ. ಮೊದಮೊದಲು ಇಬ್ಬರೂ ಬೆಂಗಳೂರಿನವರ ಹಾಗೆ ಮಾತಾಡಲು ಹೋಗಿ ಸೋತು, ಆಮೇಲೆ ತಮ್ಮತಮ್ಮದಕ್ಕೇ ಇಳಿದಿದ್ದರು.

ನಾನು ಮೆಟ್ಟಿಲ ಮೇಲೆ ಕೂತು ಕದ್ದು ಕೇಳುತ್ತಿದ್ದೆ. ನನಗೆ ಕನ್ನಡ ಬಂದದ್ದು ಹೀಗೆ. ಬೇರೆಯವರಿಗೆ ಅಜ್ಜಿ ಕಥೆ ಹೇಳಿ ಕಲಿಸಿರಬಹುದು, ನನಗೆ ಕಲಿಸಿದ್ದು ಹೊಟ್ಟೆಕಿಚ್ಚು. ಅವರು ಯಾವ ಮಾತಿಗೆ ನಕ್ಕರು ಎಂದು ತಿಳಿಯದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಗೊತ್ತಾಗದ ಮಾತನ್ನು ಬಾಯಲ್ಲಿಟ್ಟುಕೊಂಡು, ಮರುದಿನ ಸ್ಕೈಪಿನಲ್ಲಿ ಊರಿನ ಅಮ್ಮಮ್ಮನ ಹತ್ತಿರ ಅರ್ಥ ಕೇಳುತ್ತಿದ್ದೆ. ಮೊಮ್ಮಗಳಿಗೆ ಕನ್ನಡದ ಪ್ರೀತಿ ಬಂದಿದೆ ಎಂದು ಅಮ್ಮಮ್ಮ ಕೇರಿಗೆಲ್ಲ ಹೇಳಿಕೊಂಡು ಬಂದರಂತೆ. ಚಪ್ಪರದಲ್ಲಿ ನಡೆಯುತ್ತಿದ್ದ ಮಾತೇನೂ ಗುಟ್ಟಿನದಲ್ಲ. ಈ ಸಸಿಗೆ ಹೊಸ ಎಲೆ, ಆ ಹಕಲ್‌ಬೆರಿಗೆ ಬಣ್ಣ ಬಂದಿದೆ, ನಮ್ಮೂರ ಕಾಲೇಜಿನ ಮೇಡಮ್ಮು ಹೀಗೆ ಪಾಠ ಮಾಡುತ್ತಿದ್ದರು, ಇಷ್ಟೇ. ಒಮ್ಮೆ ಅಮ್ಮ ಒಂದು ಸಸಿಯನ್ನು ಬೆಳಕಿಗೆ ಎತ್ತಿ ಹಿಡಿದು, ಇದರ ಎಲೆ ಪೋಣಿಸಿದ ಹಾಗಿದೆ, ನಮ್ಮಲ್ಲಿ ಹೀಗೆ ಮಲ್ಲಿಗೆ ಕಟ್ಟುತ್ತಾರೆ ಎಂದಳು. ಆ ದನಿಯನ್ನು ನನ್ನ ಯಾವ ರಿಪೋರ್ಟ್ ಕಾರ್ಡಿಗೂ ಅವಳು ಕೊಟ್ಟಿರಲಿಲ್ಲ. ನಾನು ಒಂದೇ ಒಂದು ಸಲ ಕೆಳಗಿಳಿದು ಹೋಗಿ ಅವರ ಪಕ್ಕ ಕೂತೆ. ಗಿರಿಜಕ್ಕ ಸರಿದು ಜಾಗ ಮಾಡಿಕೊಟ್ಟಳು, ನನ್ನದೇ ಮನೆಯಲ್ಲಿ. ನಾನು ಎದ್ದುಬಂದೆ.

ನನ್ನ ಶಾಲೆಯ ಸಂಗೀತ ಕಾರ್ಯಕ್ರಮದ ದಿನ ಅಮ್ಮ ತಡವಾಗಿ ಬಂದಳು. ನಾನು ರೆಕಾರ್ಡರ್ ಎಂಬ ಕೊಳಲು ಊದಿ ಮುಗಿಸಿ, ಬೇರೆಯವರು ಚಪ್ಪಾಳೆ ತಟ್ಟಿ ಆದ ಮೇಲೆ ಹಿಂದಿನ ಬಾಗಿಲಲ್ಲಿ ಕಾಣಿಸಿಕೊಂಡಳು. ಉಗುರ ಸಂದಿಯಲ್ಲಿ ಕುಂಡದ ಬಿಳಿ ಮರಳಿತ್ತು. ಮನೆ ತಲುಪಿದ ಮೇಲೆ ಚಪ್ಪರದ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಕಿರುಚಿದೆ. ಇವೆಲ್ಲ ಸಾಯಲಿ, ಒಂದೂ ಉಳಿಯದೆ ಸಾಯಲಿ ಎಂದೆ. ಒಳಗೆ ಗಿರಿಜಕ್ಕ ಇದ್ದಳು, ತಲೆ ಎತ್ತಿ ನೋಡಿದಳು. ಅಮ್ಮ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಮರುವರ್ಷದ ಬೇಸಿಗೆಯಲ್ಲಿ ಗಿರಿಜಕ್ಕ ಕೆಲವು ವಾರ ಆ ಕಾಡಿಗೇ ಹೋದಳು. ಕುಂಡಗಳನ್ನು ಅಮ್ಮನ ಕೈಗೆ ಒಪ್ಪಿಸಿ ಹೋಗಿದ್ದಳು. ಅಮ್ಮ ರಜೆ ಹಾಕದೆ, ಒಂದು ದಿನ ತಪ್ಪದೆ, ಪೀಪಾಯಿಯ ನೀರನ್ನು ಚಮಚದಲ್ಲಿ ಅಳೆದು ಹಾಕಿದಳು. ಬಾಗಿಲ ಹತ್ತಿರದ ಸಾಲು ಚೆನ್ನಾಗಿ ಏಳುತ್ತಿರುವುದನ್ನು ಕಂಡು, ಬೆಳಕು ಜಾಸ್ತಿ ಬೀಳುವ ಕಡೆ ಅಲ್ಲವಾ ಎಂದು ತನಗೆ ತಾನೇ ಹೇಳಿಕೊಂಡಳು. ಗಿರಿಜಕ್ಕ ಬಿಸಿಲಿಗೆ ಕಪ್ಪಾಗಿ ವಾಪಸು ಬಂದ ಮರುದಿನ ಶನಿವಾರ. ಇಬ್ಬರೂ ಬೆಳಿಗ್ಗೆಯಿಂದ ಅಳತೆಗೆ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಚಪ್ಪರದಲ್ಲಿ ಮಾತು ನಿಂತಿತು. ಸದ್ದಿಲ್ಲದ್ದು ಗಮನಿಸಿ ನಾನು ಕೆಳಗೆ ಬಂದೆ.

ಹಿಂದಿನ ಸಾಲಿನ ಸಸಿಗಳು ಬೆರಳುದ್ದ ಇದ್ದವು, ಇರಬೇಕಾದ ಹಾಗೆ. ಬಾಗಿಲ ಹತ್ತಿರದ ಸಾಲಿನವು ಗೇಣು ದಾಟಿದ್ದವು. ಒಂಟಿಯಾಗಿದ್ದವೂ ಹಾಗೇ, ಗಿಡಗಳ ಜೊತೆ ಇದ್ದವೂ ಹಾಗೇ, ಕಡುಹಸಿರು ಎಲೆ ತುಂಬಿಕೊಂಡು ಜಂಬದಲ್ಲಿ ನಿಂತಿದ್ದವು. ಗಿರಿಜಕ್ಕ ಒಂದು ಕುಂಡವನ್ನು ಮೂಗಿನ ಹತ್ತಿರ ಹಿಡಿದಳು. ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಕೆನೆಗಟ್ಟಿತ್ತು. ಅವಳು ಕುಂಡವನ್ನು ಅಮ್ಮನಿಗೆ ಕೊ‌ಟ್ಟಳು. ಅಮ್ಮ ಮೂಸಿದಳು. ಹುಳಿ ಬಂದ ಉದ್ದಿನ ನೀರಿನ ವಾಸನೆಯನ್ನು ಗುರುತಿಸಲು ಅವಳಿಗೆ ಎರಡನೆಯ ಸಲ ಮೂಸಬೇಕಾಗಿರಲಿಲ್ಲ. ವಾರಕ್ಕೆ ಎರಡು ಸಲ ಇಡ್ಲಿಗೆ ನೆನೆಹಾಕುವ ಮನೆ ನಮ್ಮದು. ಬೋಗುಣಿ ಸಿಂಕಿನ ಪಕ್ಕ ಎಲ್ಲರ ಕೈಗೆ ಸಿಗುವ ಹಾಗೆ ಕೂತಿರುತ್ತಿತ್ತು. ಅಮ್ಮ ತಲೆ ಎತ್ತಿ ನೇರ ನನ್ನನ್ನು ನೋಡಿದಳು.

“ನೀನ್ ಎಂತಾರೂ ಹಾಕಿದ್ಯಾ ಇದ್ಕೆ?”

ಇಲ್ಲ ಎಂದೆ. ಇಲ್ಲವೆಂದರೂ ಮುಖ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳನೇ ಆಗಿರಬೇಕೆಂದಿಲ್ಲ ಎಂಬುದನ್ನು ನಾನು ಅವತ್ತು ತಿಳಿದೆ. ಕುಂಬಳಕಾಯಿಯ ಮೇಲೆ ಕಣ್ಣಿಟ್ಟವನೂ ಮುಟ್ಟಿ ನೋಡಿಕೊಳ್ಳುತ್ತಾನೆ.

“ಸುಳ್ ಹೇಳ್ಬೇಡ. ಸಾಯ್ಲಿ ಅಂದೋಳ್ ನೀನೇ ಅಲ್ದಾ? ಹೇಳ್, ಹೊಡಿತಿಲ್ಲೆ ನಾನ್.”

“ಅಕ್ಕಾರ, ಆಕಿ ಮಾಡಿಲ್ರಿ,” ಎಂದಳು ಗಿರಿಜಕ್ಕ. ನೆಲದಲ್ಲಿ ಕೂತವಳು ಕುಂಡದ ಮೇಲಿನ ಕಣ್ಣು ತೆಗೆದಿರಲಿಲ್ಲ.

“ನಿಂಗೆ ಹೆಂಗ್ ಗೊತ್ತ್?”

“ಆಕಿಗೆ ನನ್ನ ಕಂಡ್ರ ಹೊಟ್ಟಿಕಿಚ್ಚು. ಬಂದ ದಿನದಿಂದ ನೋಡಾಕತ್ತೀನಿ. ಹೊಟ್ಟಿಕಿಚ್ಚು ಇದ್ದವರು ಕುದಿಯೂ ನೀರು ಹಾಕ್ತಾರ, ಉಪ್ಪು ಹಾಕ್ತಾರ. ಉಣಸಂಗಿಲ್ಲ. ಇವಕ್ಕ ಯಾರೋ ಉಣಸ್ಯಾರ.”

ನನ್ನ ಜೀವನದಲ್ಲಿ ನನ್ನ ಪರವಾಗಿ ಯಾರೂ ಅಷ್ಟು ಚೆನ್ನಾಗಿ ವಾದ ಮಾಡಿಲ್ಲ. ಯಾರ ವಾದವೂ ನನಗೆ ಅಷ್ಟು ಕಹಿಯಾಗಿಲ್ಲ. ಅಮ್ಮ ನಂಬಬೇಕಿದ್ದ ಜಾಗದಲ್ಲಿ ಇವಳು ನಂಬಿದ್ದಳು. ಅಮ್ಮ ಅವಳ ಮಾತನ್ನೂ ನಂಬಲಿಲ್ಲ. ಕುಂಡವನ್ನು ಕೆಳಗಿಟ್ಟು, ನನ್ನ ಬಾಯಿಂದ ಬರುವವರೆಗೆ ಏಳುವುದಿಲ್ಲ ಎನ್ನುವವಳ ಹಾಗೆ ಕೂತಳು. ಮಾಡಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಅವಳ ಮುಖ ಬದಲಾಗಲಿಲ್ಲ. ಕೊನೆಗೆ ನನಗೆ ಅಳು ಬಂತು, ಅಳು ಬಂದದ್ದು ತಪ್ಪೊಪ್ಪಿಗೆಯ ಹಾಗೆ ಕಂಡಿತು.

ಅಷ್ಟರಲ್ಲಿ ಅಪ್ಪ ಹೋಟೆಲಿನಿಂದ ಬಂದರು. ಕೈಯಲ್ಲಿ ಮಿಕ್ಕ ವಡೆಯ ಪೊಟ್ಟಣವಿತ್ತು. ನಮ್ಮ ಮೂವರ ಮುಖ ನೋಡಿ, ನೆಲದ ಮೇಲಿನ ಕುಂಡ ನೋಡಿ, ಅವರ ಮುಖ ಅರಳಿತು.

“ಕಂಡ್ರ್ಯಾ? ಹೆಂಗ್ ಬಂದಿತ್ ಕಾಣಿ. ನಾನ್ ಹೇಳುವ ಅಂತ ಇದ್ದೆ, ಗಿರಿಜಾ ಬರ್ಲಿ ಅಂದೇಳಿ ಸುಮ್ನಿದ್ದೆ.”

“ನೀವ್ ಎಂತ ಹಾಕ್ತಿದ್ರಿ?” ಎಂದಳು ಅಮ್ಮ.

“ಉದ್ದ್ ನೆನ್ಸಿದ್ ನೀರ್. ಅಕ್ಕಿ ತೊಳ್ದದ್ದ್. ಬಿಸಾಡುದೆಂತಕೆ?”

“ಎಂತದೂ ಹಾಕೂಕಾಗ ಅಂದೇಳಿ ಹೇಳ್ಲಿಲ್ಯಾ ನಾನ್?”

“ನೀವ್ ಓದಿದೋರ್ ಹೇಳ್ತ್ರಿ. ದಿನಾ ಮಧ್ಯಾಹ್ನ ಎದ್ರಿಗ್ ಕೂಕಂಡ್ ಚಾ ಕುಡಿಯೋನ್ ನಾನಲೆ. ವರ್ಷ ಕಳದ್ರೂ ಬೆರಳಷ್ಟೇ ಇದ್ದೊ. ಬರೀ ನೀರಂಗೆ ಯಾರ್ ಬದ್ಕುದ್? ಹಿಂದಿನ ಸಾಲಿಗೆ ಕೈ ಎಟ್ಕುದಿಲ್ಲ, ಇಲ್ದಿದ್ರೆ ಅವ್ಕೂ ಹಾಕ್ತಿದ್ದೆ.”

ಗಿರಿಜಕ್ಕ ಎದ್ದು ನಿಂತು ಬಟ್ಟೆ ಕೊಡವಿಕೊಂಡಳು. ಸಿಟ್ಟಿನ ದನಿಯೇ ಇರಲಿಲ್ಲ, ಅದಕ್ಕೇ ಅಪ್ಪನಿಗೆ ಭಯವಾಗಿರಬೇಕು.

“ಅಣ್ಣಾರ, ಈ ಸಾಲು ಹೋತ್ರಿ. ಇನ್ನ ಲೆಕ್ಕಕ್ಕ ಬರಂಗಿಲ್ಲ.”

ಅವತ್ತು ಸಂಜೆ ಅವಳು ಊಟಕ್ಕೆ ಕೆಳಗಿಳಿಯಲಿಲ್ಲ. ಅಪ್ಪ ಹೋಟೆಲಿಗೆ ರಜೆ ಹೇಳಿ, ಮೊಸರನ್ನಕ್ಕೆ ದಾಳಿಂಬೆ ಬಿಡಿಸಿ ಹಾಕಿ, ತಟ್ಟೆಯನ್ನು ಅವಳ ರೂಮಿನ ಬಾಗಿಲಲ್ಲಿಟ್ಟರು. ಆ ಬಾಗಿಲು ಒಂದು ಕಾಲಕ್ಕೆ ನನ್ನ ಬಾಗಿಲು. ಬಾಕ್ಸ್ ರೂಮಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಅಪ್ಪ ಹತ್ತಿ ಬಂದು ತುಂಬಿದ ತಟ್ಟೆಯನ್ನೇ ವಾಪಸು ಒಯ್ದರು, ಬಿಸಿ ಸಾರು ತಂದಿಟ್ಟರು, ಅದನ್ನೂ ಒಯ್ದರು. ಮನೆಯಲ್ಲಿ ಒಬ್ಬರು ಉಣ್ಣದೆ ಮಲಗುವುದಕ್ಕಿಂತ ದೊಡ್ಡ ಶಿಕ್ಷೆ ಅವರಿಗೆ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬರೆ ಹಾಕಿಸಿಕೊಂಡ ನನ್ನ ಕಡೆಗೆ ಯಾರೂ ಬರಲಿಲ್ಲ. ನಾನೂ ಉಂಡಿರಲಿಲ್ಲ. ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಆ ಮೊಸರನ್ನದ ತಟ್ಟೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು, ಇದನ್ನು ಬರೆಯಲು ಈಗಲೂ ನಾಚಿಕೆಯಿಲ್ಲ.

ಗಿರಿಜಕ್ಕ ಹಿಂದಿನ ಸಾಲನ್ನು ಕಾಲೇಜಿಗೆ ಸಾಗಿಸಿ, ಇದ್ದ ಅರ್ಧದಲ್ಲೇ ಕೆಲಸ ಮುಗಿಸಿದಳು. ಅಪ್ಪನ ಮೇಲಿನ ಸಿಟ್ಟು ಅವಳಿಗೆ ಒಂದು ವಾರಕ್ಕಿಂತ ಹೆಚ್ಚು ಉಳಿಯಲಿಲ್ಲ. ಹೋಗುವ ದಿನ ಅಪ್ಪ ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಸೂಟ್‌ಕೇಸಿನಲ್ಲಿ ಪುಸ್ತಕ ತೆಗೆದು ಜಾಗ ಮಾಡಿ ಇಟ್ಟುಕೊಂಡಳು. ನನ್ನ ತಲೆ ಸವರಲು ಬಂದವಳು ನನ್ನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಉದ್ದಿನ ನೀರು ಕುಡಿದ ಸಸಿಗಳನ್ನು ಅಮ್ಮನಿಗೇ ಬಿಟ್ಟುಹೋದಳು. ರೂಮು ನನಗೆ ಮರಳಿ ಬಂತು. ಬಂದ ಮೇಲೆ ನೋಡಿದರೆ ಅದರಲ್ಲಿ ಅಂಥದ್ದೇನೂ ಇರಲಿಲ್ಲ, ಕಿಟಕಿಯಿಂದ ಶೆಡ್ಡಿನ ತಗಡು ಕಾಣುತ್ತಿತ್ತು. ಅಮ್ಮ ಮತ್ತೆ ಸಂಜೆ ಮೆಟ್ಟಿಲ ಮೇಲೆ ಕೂತು ಪಾದ ಒತ್ತಿಕೊಳ್ಳತೊಡಗಿದಳು. ನಾನು ಬೇಡಿಕೊಂಡಿದ್ದ ಅಮ್ಮ ಇವಳೇ, ಆದರೆ ಈಗ ಅವಳ ಪಕ್ಕ ಕೂತರೆ ಏನು ಮಾತಾಡಬೇಕೆಂದು ತಿಳಿಯುತ್ತಿರಲಿಲ್ಲ. ಆ ಶನಿವಾರದ ಬಗ್ಗೆ ಅವಳು ಒಂದು ಮಾತೂ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ, ಮರೆತೂ ಇರಲಿಲ್ಲ. ದಿನವೂ ಬೆಳಿಗ್ಗೆ ಸಾಕ್ಸು ಹಾಕಿಕೊಳ್ಳುವಾಗ ಒಮ್ಮೆ ನೆನಪಾಗುತ್ತಿತ್ತು.

ಮುಂದಿನ ಶರತ್ಕಾಲದಲ್ಲಿ ಸಸಿಗಳು ಕುಂಡಕ್ಕೆ ಸಾಲದಾದವು. ಹಿತ್ತಲ ಬೇಲಿಯುದ್ದಕ್ಕೆ ನೆಡೋಣ, ಕೈ ಹಾಕು ಎಂದು ಅಮ್ಮ ನನ್ನನ್ನು ಕರೆದಳು. ನಾನು ಗುಂಡಿ ತೋಡಿದೆ, ಅವಳು ಕುಂಡ ಬೋರಲು ಹಾಕಿ ಬೇರಿನ ಮುದ್ದೆಯನ್ನು ಇಡಿಯಾಗಿ ಇಳಿಸಿದಳು. ಒಂದು ಸಸಿಗೆ ಮಣ್ಣು ಒತ್ತುತ್ತಿರುವಾಗ, ಯೋಚಿಸದೆ, ಒಂದು ವರ್ಷದಿಂದ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ.

“ಅವತ್ತ್ ನಾನೇ ಮಾಡಿದ್ದ್ ಅಂತ ಎಂತಕೆ ಅಂದ್ಕಂಡೆ?”

ಅವಳು ಕೈ ನಿಲ್ಲಿಸಲಿಲ್ಲ.

“ಸಿಟ್ಟ್ ಬಂದದ್ ಹೌದ್,” ಎಂದಳು ಆಮೇಲೆ. “ಗಿರಿಜನ ಓದ್ ಹಾಳಾಯ್ತಲೆ ಅಂದೇಳಿ. ಆರೆ ಒಳ್ಗೊಳ್ಗೆ ಒಂಚೂರ್ ಖುಷಿಯೂ ಆಯ್ತ್ ನಂಗೆ.”

“ಖುಷಿ ಎಂತಕೆ?”

“ನಿಂಗ್ ಹೇಳ್ರೆ ನಗ್ತೆ ನೀನ್.” ಅವಳು ಸಸಿಯ ಬುಡಕ್ಕೆ ಇನ್ನೊಂದು ಹಿಡಿ ಮಣ್ಣು ಹಾಕಿದಳು. “ನನ್ ಸಲುವಾಗಿ ಯಾರೂ ಯಾವತ್ತೂ ಎಂತದೂ ಹಾಳ್ ಮಾಡ್ಲಿಲ್ಲೆ, ಮಗಾ. ಊರಂಗೂ ಇಲ್ಲೆ, ಇಲ್ಲಿಯೂ ಇಲ್ಲೆ. ನನ್ ಮಗಳೊಂದ್ ನಂಗಾಯಿ ಇಷ್ಟ್ ಹೊಟ್ಟೆಕಿಚ್ ಪಟ್ಟಿತಲೆ ಅಂತ ಕಂಡ್ತ್. ಅದ್ಕೇ ನೀನ್ ಅಲ್ಲ ಅಂದ್ರೂ ನಂಬೂಕ್ ಮನ್ಸ್ ಬರ್ಲಿಲ್ಲ. ಆಮೇಲ್ ಕಂಡ್ರೆ ಮಾಡದ್ದ್ ನಿನ್ ಅಪ್ಪ. ಅದೂ ಗಿಡದ್ ಮೇಲಿನ ಕನಿಕರಕ್ಕೆ.”

ನಾನು ನಗಲಿಲ್ಲ. ಮಣ್ಣು ಮೆತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಗೆ ಒರೆಸಿಕೊಂಡೆ. ಒಂದು ವರ್ಷ ನಾನು ಮಾಡಿಲ್ಲ ಎಂದು ಮನಸ್ಸಿನಲ್ಲೇ ಸಾಧಿಸಿಕೊಂಡು ಬಂದಿದ್ದೆ. ಎಷ್ಟು ಸುಲಭವಿತ್ತು, ಬೋಗುಣಿ ಅಲ್ಲೇ ಇತ್ತು, ಒಂದು ಸಲ ಕೈ ಚಾಚಿದ್ದರೆ ಸಾಕಿತ್ತು. ನಾನು ಮಾಡಬೇಕಿದ್ದದ್ದನ್ನು ಅಪ್ಪ ಮಾಡಿಬಿಟ್ಟಿದ್ದರು, ಅದರ ಬೆಲೆ ಏನೆಂದೂ ತಿಳಿಯದೆ. ಅವತ್ತು ಮೊದಲ ಸಲ ನನಗೆ ಅಪ್ಪನ ಮೇಲೆ ಹೊಟ್ಟೆಕಿಚ್ಚಾಯಿತು.